ಆರುನೂರು ಗಜದ ಗಂಟೆ

ಏಳುಬಂಡೆ ರೈಫಲ್ ಕ್ಲಬ್,
ಬಳ್ಳಾರಿ
4-8-1978

ಶ್ರೀ ಆಂಜಿನಯ್ಯನವರಿಗೆ,
ಶಾಲಾ ಗಂಟೆ ತಯಾರಕರು, ಚಾಮರಾಜಪೇಟೆ, ಬೆಂಗಳೂರು.

ಮಾನ್ಯರೇ,

ನಾನು ಸೈನ್ಯದಿಂದ ನಿವೃತ್ತನಾದ ಸುಬೇದಾರ್ ಬದರೀನಾರಾಯಣ. ಹುಟ್ಟಿದ್ದು ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ. ಈಗ ಈ ಕ್ಲಬ್ಬಿನ ಗುರಿಮೈದಾನದ ಮೇಲ್ವಿಚಾರಕ. ಇಲ್ಲಿಯ ಹೈಸ್ಕೂಲಿನಲ್ಲಿ ನೀವು ಮಾಡಿಕೊಟ್ಟ ಉಕ್ಕಿನ ಗಂಟೆಯಿದೆ. ಅದನ್ನು ಬಾರಿಸಿದರೆ ಊರಾಚೆಯ ನಮ್ಮ ಮೈದಾನದವರೆಗೂ ಕೇಳುತ್ತಿತ್ತು. ಅದನ್ನು ನೆನೆದೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಆರುನೂರು ಗಜದ ಸ್ಪರ್ಧೆ ನಡೆಯುತ್ತದೆ. ಗುರಿ ಕಾಗದದ್ದು. ಅದರ ಕೆಳಗಿನ ಗುಂಡಿಯಲ್ಲಿ ಆಳು ಅಡಗಿ ಕುಳಿತು, ಗುಂಡು ತಗಲಿದ ಜಾಗವನ್ನು ಕೋಲಿನಲ್ಲಿ ತೋರಿಸಬೇಕು. ಹೋದ ವರ್ಷ ಸಿಡಿದ ಕಲ್ಲಿನ ಚೂರೊಂದು ನಮ್ಮ ಆಳು ಸೊಣ್ಣಪ್ಪನ ಕೆನ್ನೆ ಸೀಳಿತು. ಇನ್ನು ಮುಂದೆ ಗುಂಡಿಗೆ ಯಾರೂ ಇಳಿಯಕೂಡದೆಂದು ಕಾರ್ಯದರ್ಶಿ ವೃಷಭೇಂದ್ರಪ್ಪನವರು ಹೇಳಿದ್ದಾರೆ. ಅದು ಸರಿಯೇ. ಆದರೆ ತಗಲಿದ್ದನ್ನು ತಾನೇ ಹೇಳುವಂಥ ಗುರಿ ಜನವರಿಯ ಜಿಲ್ಲಾ ಸ್ಪರ್ಧೆಯೊಳಗೆ ಸಿಗದಿದ್ದರೆ ಆರುನೂರು ಗಜದ ಮೈದಾನವನ್ನೇ ಮುಚ್ಚುತ್ತಾರಂತೆ. ಮೈದಾನ ಮುಚ್ಚಿದರೆ ನನ್ನ ಕೆಲಸವೂ ಮುಗಿಯಿತು. ಮನೆಯಲ್ಲಿ ಕುಳಿತು ತೆಂಗಿನಕಾಯಿ ತುರಿಯುವುದು ನನ್ನಿಂದ ಆಗದ ಮಾತು.

ಆದ್ದರಿಂದ ಒಂದು ಉಕ್ಕಿನ ತಟ್ಟೆ ಬೇಕು. ಗುಂಡು ತಗಲಿದರೆ ಮೊಳಗಬೇಕು. ಆರುನೂರು ಗಜ ದೂರದಲ್ಲಿ ಮಲಗಿ ಗುಂಡು ಹಾರಿಸುವವನಿಗೆ ಅದು ಕೇಳಬೇಕು. ನಿಮ್ಮಿಂದ ಆಗುವುದೇ, ತಿಳಿಸಿ.

ತಮ್ಮ ವಿಶ್ವಾಸಿ,
ಬದರೀನಾರಾಯಣ


ಚಾಮರಾಜಪೇಟೆ
19-8-1978

ಸುಬೇದಾರ್ ಸಾಹೇಬರಿಗೆ ಆಂಜಿನಯ್ಯನ ನಮಸ್ಕಾರ.

ಆಗುವುದೇ ಎಂದು ಕೇಳಿದ್ದೀರಿ. ಬಂದೂಕನ್ನು ನಾನು ದಸರಾ ಮೆರವಣಿಗೆಯಲ್ಲಿ ಬಿಟ್ಟರೆ ಹತ್ತಿರದಿಂದ ಕಂಡವನಲ್ಲ. ಗುಂಡಿನ ಸಂಗತಿ ನಿಮಗೆ ಸೇರಿದ್ದು. ಸದ್ದಿನ ಸಂಗತಿ ನನಗೆ ಬಿಡಿ. ನಲವತ್ತು ವರ್ಷದಿಂದ ಉಕ್ಕನ್ನು ಮಾತಾಡಿಸಿಕೊಂಡೇ ಊಟ ಮಾಡುತ್ತಿದ್ದೇನೆ. ನನ್ನ ಗಂಟೆ ಬಾರಿಸಿದರೆ ಗವಿಪುರದಲ್ಲಿ ಮಲಗಿದವರು ಎದ್ದು ಕೂರುತ್ತಾರೆ.

ತಟ್ಟೆ ಸಿದ್ಧವಾಗಿದೆ. ಅರ್ಧ ಅಂಗುಲ ದಪ್ಪ, ಎರಡಡಿ ಅಗಲ, ಮೇಲೆ ಎರಡು ಕೊಂಡಿ ಬೆಸುಗೆ ಹಾಕಿದ್ದೇನೆ, ಶಾಲೆಯ ಗಂಟೆಗೆ ಹಾಕುವ ಹಾಗೆಯೇ. ಗುರುವಾರ ಹಿತ್ತಲಲ್ಲಿ ತೂಗುಹಾಕಿ ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕಿ ನೋಡಿದೆ. ಪಕ್ಕದ ಬೀದಿಯ ಶಾಲೆಯ ಮಕ್ಕಳೆಲ್ಲ ಊಟದ ಬೆಲ್ಲೆಂದು ಡಬ್ಬಿ ಹಿಡಿದುಕೊಂಡು ಬಯಲಿಗೆ ಓಡಿಬಂದವು. ಹೆಡ್‌ಮಿಸ್ಟ್ರೆಸ್ ಶಕುಂತಲಮ್ಮನವರು ನೇರವಾಗಿ ನನ್ನ ಷೆಡ್ಡಿಗೆ ಬಂದರು. "ಏನ್ರೀ ಆಂಜಿನಯ್ಯ, ಈಗಿನ್ನೂ ಮೊದಲ್ನೇ ಪೀರಿಯಡ್ ಮುಗಿದಿಲ್ಲ, ಮಕ್ಕಳು ಆಗ್ಲೇ ಚಿತ್ರಾನ್ನ ತಿಂತಾ ಕೂತಿದಾವೆ. ನನ್ನ ಸ್ಕೂಲ್ ನೀವು ನಡೆಸ್ತೀರೋ ನಾನು ನಡೆಸ್ಲೋ?" ಎಂದರು. ತಟ್ಟೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಲಾರಿಗೆ ಹಾಕಿದ್ದೇನೆ. ಹೊರಡುವ ಮುಂಚೆ ನನ್ನ ಹೆಂಡತಿ ಮಾರಕ್ಕ ನಡುಮಧ್ಯಕ್ಕೆ ಅರಿಶಿನ ಕುಂಕುಮ ಇಟ್ಟಳು. ನಮ್ಮ ಮನೆಯಿಂದ ಯಾವ ಗಂಟೆಯೂ ಬೋಳು ಹಣೆಯಲ್ಲಿ ಹೊರಟಿಲ್ಲ.

ಇಂತಿ,
ಆಂಜಿನಯ್ಯ


ಬಳ್ಳಾರಿ
9-9-1978

ಶ್ರೀ ಆಂಜಿನಯ್ಯನವರೇ,

ತಟ್ಟೆ ತಲುಪಿತು. ಹೋದ ಭಾನುವಾರ ಪರೀಕ್ಷಿಸಿದೆವು. ಇದ್ದದ್ದನ್ನು ಇದ್ದಹಾಗೆ ಬರೆಯುವುದು ನನ್ನ ಅಭ್ಯಾಸ, ಬೇಸರಿಸಬೇಡಿ.

ಮೊದಲನೆಯದು, ಕಬ್ಬಿಣ ಮೆತ್ತಗಾಯಿತು. ಗುಂಡು ತಗಲಿದಲ್ಲೆಲ್ಲ ಕುಳಿ ಬಿದ್ದಿದೆ. ಒಮ್ಮೆ ಕುಳಿಬಿದ್ದ ಜಾಗಕ್ಕೆ ಇನ್ನೊಂದು ಗುಂಡು ತಗಲಿದರೆ ಚೂರುಗಳು ನಮ್ಮ ಕಡೆಗೇ ತಿರುಗಿ ಬರುತ್ತವೆ. ಎರಡನೆಯದು, ನೀವು ಬೆಸುಗೆ ಹಾಕಿದ ಕೊಂಡಿಯ ಸುತ್ತ ಉಕ್ಕು ಇನ್ನೂ ಮೆತ್ತಗಾಗಿ, ಒಂದು ಕೊಂಡಿ ಕಿತ್ತೇಹೋಯಿತು. ಮೂರನೆಯದು, ತಟ್ಟೆ ನೆಟ್ಟಗೆ ನಿಂತಿತ್ತು. ಮುಂದಕ್ಕೆ ಸ್ವಲ್ಪ ಬಾಗಿದ್ದರೆ ಗುಂಡಿನ ಪುಡಿ ಕೆಳಗಿನ ಮರಳಿಗೆ ಇಳಿಯುತ್ತಿತ್ತು.

ಕುಂಕುಮವಂತೂ ಬಹಳ ಉಪಯೋಗಕ್ಕೆ ಬಂತು. ಸದಸ್ಯರೆಲ್ಲ ಅದಕ್ಕೇ ಗುರಿಯಿಟ್ಟರು. ಶ್ರೀಮತಿಯವರಿಗೆ ತಿಳಿಸಿ.

ಆದರೆ ಮುಖ್ಯವಾದ ದೂರು ಬೇರೆ. ಸದ್ದು ಕೇಳಲಿಲ್ಲ. ಅಂದು ಗಾಳಿ ಅಡ್ಡವಿತ್ತು, ಅದೂ ಕಾರಣವಿರಬಹುದು. ಕೇಳಿಸಿತೆಂದು ಸದಸ್ಯರು ತಲೆಯಾಡಿಸಿದರು, ಆದರೆ ಅವರು ಮರ್ಯಾದಸ್ಥರು, ದೂರದೂರಿನವರ ಕೆಲಸವನ್ನು ಹಳಿಯುವವರಲ್ಲ. ಹಾಗೆ ನೋಡಿದರೆ ಹೈಸ್ಕೂಲಿನ ಗಂಟೆಯ ದನಿಯೂ ಈಚೆಗೆ ಕುಗ್ಗಿದೆ. ಬಿರುಕು ಬಿಟ್ಟಿರಬಹುದು.

ವಿಶ್ವಾಸಿ,
ಬದರೀನಾರಾಯಣ


ಚಾಮರಾಜಪೇಟೆ
14-10-1978

ಸುಬೇದಾರರೇ,

ಬಿರುಕೆ? ನನ್ನ ಗಂಟೆಗೆ ಬಿರುಕೆ? ನಿಮ್ಮ ಕಾಗದ ಓದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮೂರಿನ ಹೆಡ್‌ಮಾಸ್ಟರಿಗೆ ನಾನೇ ಬರೆದು ಕೇಳಿದ್ದೇನೆ. ಅವರ ಉತ್ತರ ಬಂದಮೇಲೆ ಈ ವಿಚಾರ ಮುಂದುವರಿಸೋಣ.

ಮೊದಲ ಮೂರು ದೂರನ್ನು ತಲೆಬಾಗಿ ಒಪ್ಪಿಕೊಂಡಿದ್ದೇನೆ. ಚೆನ್ನಾಗಿ ಮೊಳಗುವ ಉಕ್ಕೇ ಗಟ್ಟಿ ಉಕ್ಕು ಎಂದುಕೊಂಡಿದ್ದೆ, ಗಂಟೆಯವನ ಬುದ್ಧಿ. ಸುತ್ತಿಗೆಗೆ ಹಾಡುವುದು ಬೇರೆ, ಗುಂಡಿಗೆ ಎದೆಗೊಡುವುದು ಬೇರೆ ಎಂದು ಈಗ ತಿಳಿಯಿತು. ಮಾಮೂಲ್‌ಪೇಟೆಯ ವ್ಯಾಪಾರಿಯೊಬ್ಬರ ಮೂಲಕ ಹಳೆಯ ಬುಲ್ಡೋಜರಿನ ಮುಂದಿನ ಅಲಗು ಸಿಕ್ಕಿತು. ಬಂಡೆ ತಳ್ಳಿ ತಳ್ಳಿ ಮೊಂಡುಬಿದ್ದ ಉಕ್ಕು. ಅದನ್ನು ಕೊಯ್ಯುವಷ್ಟರಲ್ಲಿ ನನ್ನ ಗರಗಸಗಳೆಲ್ಲ ಹಲ್ಲು ಉದುರಿಸಿಕೊಂಡವು. ಬೆಸುಗೆಯನ್ನು ಹತ್ತಿರಕ್ಕೂ ಸೇರಿಸಿಲ್ಲ, ಬೋಲ್ಟು ಮತ್ತು ಸರಪಳಿ ಮಾತ್ರ. ಮುಂದಕ್ಕೆ ಬಾಗಿ ನಿಲ್ಲುತ್ತದೆ, ನೀವು ಹೇಳಿದಂತೆ.

ಆಯುಧಪೂಜೆಯಲ್ಲಿ ಸುತ್ತಿಗೆ, ಡ್ರಿಲ್ಲು, ನನ್ನ ಸೈಕಲ್ಲು, ಅದರ ಪಕ್ಕದಲ್ಲಿ ನಿಮ್ಮ ತಟ್ಟೆ, ಎಲ್ಲಕ್ಕೂ ಒಂದೇ ಮಂಗಳಾರತಿ ಆಯಿತು. ಈ ಸಲ ಮಾರಕ್ಕ ಅಂಗೈಯಗಲ ಕುಂಕುಮ ಇಟ್ಟಿದ್ದಾಳೆ. "ಗುರಿ ಇಡೋರ್ಗೆ ಕಾಣ್ಬೇಕಲ್ಲ," ಅಂದಳು.

ಸದ್ದು? ಬಾರಿಸಿ ನೋಡಿದೆ. ಶಕುಂತಲಮ್ಮನವರು ಈಗ ನನ್ನನ್ನು ಕಂಡರೆ ರಸ್ತೆ ದಾಟಿಬಿಡುತ್ತಾರೆ.

ಇಂತಿ,
ಆಂಜಿನಯ್ಯ


ಬಳ್ಳಾರಿ
5-11-1978

ಪ್ರಿಯ ಆಂಜಿನಯ್ಯನವರೇ,

ನಿಮ್ಮ ಎರಡನೆಯ ತಟ್ಟೆ ಹುಲಿ. ಮೂವತ್ತು ಸದಸ್ಯರು ಬೆಳಗಿನಿಂದ ಹೊಡೆದರೂ ಒಂದು ಕುಳಿಯಿಲ್ಲ, ಬಣ್ಣ ಹೋದದ್ದು ಬಿಟ್ಟರೆ ಗೀರೂ ಇಲ್ಲ. ಗುಂಡೆಲ್ಲ ಪುಡಿಯಾಗಿ ಮರಳಿಗೆ ಇಳಿಯಿತು. ಹತ್ತಿರ ಹೋಗಿ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ಸೊಣ್ಣಪ್ಪನಿಂದ ಒಂದು ಏಟು ಹಾಕಿಸಿದೆ, ಮೊಣಕೈವರೆಗೆ ಝುಮ್ಮೆಂದಿತು. ಸೊಗಸಾದ ಕೆಲಸ.

ಆದರೆ ಆರುನೂರು ಗಜಕ್ಕೆ ಸದ್ದು ಬರುತ್ತಿಲ್ಲ. ಗಾಳಿಯೂ ಇರಲಿಲ್ಲ. ಏನು ಮಾಡೋಣ? ಇನ್ನೂ ದೊಡ್ಡ ತಟ್ಟೆ ಮಾಡಬಹುದೇ?

ಬೇಸರವಾದಾಗ ನಿಮಗೆ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ, ಕ್ಷಮಿಸಿ. ಮನೆಯಲ್ಲಿ ಒಂದೊಂದೂ ಕೈಕೊಡುತ್ತಿವೆ. ಕುಕ್ಕರ್ ಸೀಟಿ ಹಾಕುವುದನ್ನೇ ಬಿಟ್ಟಿದೆ. ನನ್ನ ಹೆಂಡತಿ ಗೋದಾ ದೇವಸ್ಥಾನಕ್ಕೆ ಹೋಗುವಾಗ ನೋಡಿಕೊಳ್ಳಲು ಹೇಳಿದ್ದಳು. ಸೀಟಿಗಾಗಿ ಕಾದು ಕುಳಿತೆ, ಬೇಳೆ ಸೀದು ಇದ್ದಿಲಾಯಿತು. ಗೋಡೆ ಗಡಿಯಾರ ಮುಳ್ಳು ಸರಿಯಾಗಿ ತೋರಿಸುತ್ತದೆ, ಗಂಟೆ ಮಾತ್ರ ಹೊಡೆಯುವುದಿಲ್ಲ. ಗೋದಾಗೂ ಈಚೆಗೆ ಗೋಡೆಯ ಕಡೆ ತಿರುಗಿಕೊಂಡು ಪಿಸುಮಾತಿನಲ್ಲಿ ಮಾತಾಡುವ ಚಾಳಿ.

ಮೈದಾನದಲ್ಲೂ ಒಂದು ಎಡವಟ್ಟಾಯಿತು. ಗುಂಡು ಹಾರುತ್ತಿರುವಾಗ ಎಮ್ಮೆಯೊಂದು ಗುರಿಯ ಮುಂದೆ ಬಂದಿತ್ತು. ಸದಸ್ಯರು ನನಗೆ ತಿಳಿಸುವುದು ತಡವಾಯಿತು. ಕೂಗಿದೆವು ಎನ್ನುತ್ತಾರೆ. ಎಮ್ಮೆಗೆ ಏನೂ ಆಗಲಿಲ್ಲ. ಅಂದಿನಿಂದ ಮನಸ್ಸು ಸರಿಯಿಲ್ಲ.

ನಿಮ್ಮ,
ಬದರೀನಾರಾಯಣ


ಚಾಮರಾಜಪೇಟೆ
13-11-1978

ಸುಬೇದಾರರೇ,

ನಿಮ್ಮ ಕಾಗದವನ್ನು ಎಂದಿನಂತೆ ಮಾರಕ್ಕನಿಗೆ ಓದಿ ಹೇಳಿದೆ. ಕುಕ್ಕರ್ ಬಂತು, ಗಡಿಯಾರ ಬಂತು, ಎಮ್ಮೆ ಬಂತು. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಕುಕ್ಕರ್‌ಗೂ ಏನೂ ಆಗಿಲ್ಲ, ಗಡಿಯಾರಕ್ಕೂ ಏನೂ ಆಗಿಲ್ಲ. ಆ ಯಪ್ಪಂಗೆ ಕಿವಿ ಕೇಳ್ಸಲ್ಲ ಕಣ್ರೀ."

ನಾನು ನಕ್ಕುಬಿಟ್ಟೆ. ಆಮೇಲೆ ನಗು ತಾನಾಗಿ ನಿಂತಿತು. ನಿಮ್ಮೂರಿನ ಹೆಡ್‌ಮಾಸ್ಟರ ಉತ್ತರ ಮೊನ್ನೆಯೇ ಬಂದಿದೆ. ಗಂಟೆಗೆ ಬಿರುಕಿಲ್ಲ, ಪೋಸ್ಟಾಫೀಸಿನವರು ಅದನ್ನು ಕೇಳಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಾರಂತೆ. ಅದನ್ನು ಹಿಡಿದುಕೊಂಡು ನಿಮ್ಮನ್ನು ಚೆನ್ನಾಗಿ ಛೇಡಿಸಬೇಕೆಂದಿದ್ದೆ. ಇಷ್ಟು ದಿನ ತಪ್ಪನ್ನು ತಟ್ಟೆಯಲ್ಲಿ ಹುಡುಕುತ್ತ ಕೂತಿದ್ದೆನಲ್ಲ, ನನಗೆ ಹೊಳೆಯಲೇ ಇಲ್ಲ.

ಎಮ್ಮೆಯ ಸುದ್ದಿ ನನಗೆ ಹೆದರಿಕೆ ಹುಟ್ಟಿಸಿತು. ಇಂದು ಎಮ್ಮೆ ಬಂತು, ನಾಳೆ ಅದನ್ನು ಕಾಯುವವನೇ ಬಂದಾನು. ಸುಬೇದಾರರೇ, ನಿಮ್ಮ ಕಿವಿ ಮಂದವಾಗಿದೆ. ಅದನ್ನು ನೀವು ಕ್ಲಬ್ಬಿನವರಿಗೆ

ಇಲ್ಲಿಯವರೆಗೆ ಬರೆದು ನಿಲ್ಲಿಸಿದೆ. ಇಂಥ ಸಾಲನ್ನು ಯಾರಾದರೂ ನನಗೆ ಬರೆದಿದ್ದರೆ ಕಾಗದ ಹರಿದುಹಾಕುತ್ತಿದ್ದೆ, ಸ್ನೇಹವನ್ನೂ. ಮಾರಕ್ಕನೂ ಕೇಳಿದಳು: "ಹೇಳ್ಬಿಟ್ರೆ ಆ ಯಪ್ಪಂಗೆ ಕಿವಿ ಬಂದ್ಬಿಡುತ್ತಾ? ಕಣ್ಣಿಗೆ ಕಾಣೋ ಹಂಗೆ ಮಾಡ್ಕೊಡಿ, ಸಾಕು."

ಈ ಕಾಗದ ಅಂಚೆಗೆ ಹೋಗುವುದಿಲ್ಲ. ಗರಗಸದ ಪೆಟ್ಟಿಗೆಯ ತಳದಲ್ಲಿ ಇರಲಿ. ಬೇರೆ ಬರೆಯುತ್ತೇನೆ.


ಚಾಮರಾಜಪೇಟೆ
14-11-1978

ಸುಬೇದಾರ್ ಸಾಹೇಬರಿಗೆ ನಮಸ್ಕಾರ.

ಕಾಗದ ತಲುಪಿತು. ನಿಮ್ಮ ಮಾತು ನಿಜ, ಆರುನೂರು ಗಜಕ್ಕೆ ಸದ್ದು ಸಾಲದು. ಇನ್ನೂ ದೊಡ್ಡ ತಟ್ಟೆ ಮಾಡಬಹುದಿತ್ತು, ಆದರೆ ಶಕುಂತಲಮ್ಮನವರು ಬಿಡುವುದಿಲ್ಲ. ಇನ್ನೊಂದು ಸಲ ಬಾರಿಸಿದರೆ ಕಾರ್ಪೊರೇಷನ್ನಿಗೆ ಅರ್ಜಿ ಕೊಡುತ್ತಾರಂತೆ. ನನಗೂ ವಯಸ್ಸಾಯಿತು, ಬೀದಿಯವರ ವಿರೋಧ ಕಟ್ಟಿಕೊಂಡು ಏನು ಮಾಡಲಿ?

ಹಾಗಾಗಿ ಬೇರೆ ಯೋಚನೆ ಮಾಡಿದ್ದೇನೆ. ಇವತ್ತು ಬೆಳಿಗ್ಗೆ ನಿಮ್ಮ ಮಲ್ಲೇಶ್ವರಂ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಂ ತುದಿಯಲ್ಲಿ ಕುಳಿತು ಸಿಗ್ನಲಿನ ಕೈಮರವನ್ನೇ ನೋಡಿದೆ. ಅಷ್ಟು ದೂರದ ಕ್ಯಾಬಿನ್ನಿನಲ್ಲಿ ಒಬ್ಬ ಸನ್ನೆಕೋಲು ಎಳೆದರೆ ತಂತಿ ಜಗ್ಗಿ ಇಲ್ಲಿ ಕೈ ಇಳಿಯುತ್ತದೆ. ರೈಲಿನ ಡ್ರೈವರು ಮೈಲಿ ದೂರದಿಂದ ನೋಡಿಕೊಳ್ಳುತ್ತಾನೆ. ನಮ್ಮ ಗುರಿಗೂ ಹಾಗೊಂದು ಕೈ ಕೊಟ್ಟರೆ ಹೇಗೆ? ಗುಂಡು ತಗಲಿದರೆ ತಟ್ಟೆ ಹಿಂದಕ್ಕೆ ಒದೆಯಬೇಕು, ಒದೆತಕ್ಕೆ ಕೊಕ್ಕೆ ಕಳಚಬೇಕು, ಮಣ್ಣಿನ ದಿಬ್ಬದ ಹಿಂದೆ ಮಲಗಿದ ಕೈ ಎದ್ದು ಕೆಂಪು ಬಿಲ್ಲೆ ತೋರಿಸಬೇಕು. ನೀವು ಅಲ್ಲಿಂದಲೇ ತಂತಿ ಎಳೆದರೆ ಮತ್ತೆ ಮಲಗಬೇಕು. ಗುಂಡಿಯಲ್ಲಿ ಯಾರೂ ಬೇಡ. ಸೊಣ್ಣಪ್ಪನ ಇನ್ನೊಂದು ಕೆನ್ನೆಯೂ ಉಳಿಯುತ್ತದೆ. ಒಪ್ಪಿಗೆಯೇ?

ಗಡಿಯಾರಕ್ಕೆ ಎಣ್ಣೆ ಬಿಡಿ.

ಇಂತಿ,
ಆಂಜಿನಯ್ಯ


ಬಳ್ಳಾರಿ
22-11-1978

ಆಂಜಿನಯ್ಯನವರೇ,

ಒಪ್ಪಿಗೆ. ಸದ್ದಿಲ್ಲದ ಗುರಿಗೆ ನನ್ನ ಆಕ್ಷೇಪವಿಲ್ಲ. ಬೇಗ ಕಳಿಸಿ. ಈ ಸ್ಪರ್ಧೆಯ ನಂತರ ವಯಸ್ಸಾದ ಸಿಬ್ಬಂದಿಯ ಬಗ್ಗೆ ಯೋಚಿಸಬೇಕೆಂದು ವೃಷಭೇಂದ್ರಪ್ಪನವರು ಕಮಿಟಿಗೆ ಬರೆದಿದ್ದಾರೆಂದು ತಿಳಿಯಿತು.

ಗಡಿಯಾರಕ್ಕೆ ಎಣ್ಣೆ ಬಿಟ್ಟೆ. ಪ್ರಯೋಜನವಾಗಲಿಲ್ಲ.

ಬ. ನಾ.


ಚಾಮರಾಜಪೇಟೆ
8-1-1979

ಸುಬೇದಾರ್ ಸಾಹೇಬರಿಗೆ,

ತಡವಾಯಿತು, ತಪ್ಪು ಕಾಗೆಯದು. ಕೊಕ್ಕೆಯನ್ನು ಎಷ್ಟು ನಾಜೂಕು ಮಾಡಿದ್ದೆನೆಂದರೆ ಹಿತ್ತಲಲ್ಲಿ ಕಾಗೆ ಬಂದು ತಟ್ಟೆಯ ಮೇಲೆ ಕೂತರೂ ಕೈ ಎದ್ದು ನಿಲ್ಲುತ್ತಿತ್ತು. ಕಾಗೆಗೆ ಅದೊಂದು ಆಟವಾಗಿ, ತನ್ನ ಬಳಗವನ್ನೆಲ್ಲ ಕರೆತಂದಿತು. ಕೊಕ್ಕೆ ಬಿಗಿಮಾಡಿದರೆ ಸುತ್ತಿಗೆ ಏಟಿಗೂ ಕದಲದು. ಕೊನೆಗೆ ಕೈಯ ಬುಡಕ್ಕೆ ತೂಕದ ಕಲ್ಲು ಕಟ್ಟಿ, ಸ್ವಲ್ಪ ಸ್ವಲ್ಪವೇ ಸರಿಸುತ್ತ ಹದಕ್ಕೆ ತಂದೆ. ಈಗ ಕಾಗೆ, ಗಾಳಿ ಎರಡಕ್ಕೂ ಜಗ್ಗದು, ಗುಂಡಿಗೆ ಮಾತ್ರ ಏಳುತ್ತದೆ. ಕೆಂಪಾಂಬುಧಿ ಕೆರೆಯ ಈ ಏರಿಯಲ್ಲಿ ಅದನ್ನು ನಿಲ್ಲಿಸಿ, ಆಚೆ ದಡಕ್ಕೆ ಹೋಗಿ ನೋಡಿದೆ. ಬಿಲ್ಲೆ ಚೆನ್ನಾಗಿ ಕಾಣುತ್ತದೆ.

ಪೆಟ್ಟಿಗೆಯಲ್ಲಿ ಮೂರು ಬಾವುಟವನ್ನೂ ಇಟ್ಟಿದ್ದೇವೆ, ಕೆಂಪು ಎರಡು, ಹಸಿರು ಒಂದು. ಮಾರಕ್ಕ ಕೈಯಾರೆ ಹೊಲಿದದ್ದು. ಗುಂಡು ನಿಲ್ಲಿಸಲು ಕೂಗುವ ಬದಲು ಕೆಂಪು ಎತ್ತಿ. ನಿಮ್ಮ ಎದುರಿಗೆ ಸೊಣ್ಣಪ್ಪನನ್ನೂ ಇನ್ನೊಂದು ಕೆಂಪು ಬಾವುಟ ಕೊಟ್ಟು ನಿಲ್ಲಿಸಿ, ಮೈದಾನಕ್ಕೆ ಏನು ನುಗ್ಗಿದರೂ ಅವನು ಎತ್ತಲಿ. ರೈಲಿನವರು ಎಲ್ಲವನ್ನೂ ಕಣ್ಣಿಗೇ ಒಪ್ಪಿಸಿದ್ದಾರೆ. ಎಂಜಿನ್ನಿನ ಆರ್ಭಟದಲ್ಲಿ ಯಾರ ಕಿವಿಯೂ ಕೆಲಸಕ್ಕೆ ಬಾರದೆಂದು ಅವರಿಗೆ ಗೊತ್ತು. ಬಂದೂಕಿನ ಜಾಗವೂ ಹಾಗೆಯೇ ಅಲ್ಲವೇ?

ಕುಂಕುಮ ಇಟ್ಟಾಗಿದೆ. ಗೆದ್ದುಬನ್ನಿ.

ಇಂತಿ,
ಆಂಜಿನಯ್ಯ


ಬಳ್ಳಾರಿ
29-1-1979

ಆಂಜಿನಯ್ಯ,

ಮಾನ್ಯರೇ ಪ್ರಿಯರೇ ಎಲ್ಲ ಸಾಕು. ನಡೆದದ್ದನ್ನು ಬರೆಯುತ್ತೇನೆ, ಕೇಳಿ.

ಪೆಟ್ಟಿಗೆ ಬಿಚ್ಚಿದಾಗ ಮೊದಲು ಕೈಗೆ ಸಿಕ್ಕಿದ್ದು ಬಾವುಟ. ಅದನ್ನು ಹಿಡಿದುಕೊಂಡು ಸುಮ್ಮನೆ ಕುಳಿತುಬಿಟ್ಟೆ. ಗೋದಾ ಬಂದು ನೋಡಿದಳು. ಯಾರೋ ನನ್ನ ಕೋಟಿನ ಒಳಜೇಬಿಗೆ ಕೈಹಾಕಿ, ಇದ್ದದ್ದನ್ನು ನೋಡಿ, ಹಾಗೆಯೇ ಮಡಿಸಿಟ್ಟು ಹೋದ ಹಾಗಾಗಿತ್ತು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಆಮೇಲೆ ಎದೆ ಹಗುರಾಯಿತು.

ನಿನ್ನೆ ಬೆಳಿಗ್ಗೆ ಸ್ಪರ್ಧೆಗೆ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಸೈನ್ಯದಲ್ಲಿ ಹೇಳುವಂತೆ ಎದೆಯುಬ್ಬಿಸಿ ಹೇಳಿದೆ: "ನನ್ನ ಕಿವಿ ಹೋಗಿದೆ. ಎಮ್ಮೆ ಬಂದ ದಿನ ನೀವು ಕೂಗಿದ್ದು ನನಗೆ ಕೇಳಿಸ್ಲಿಲ್ಲ. ತಪ್ಪು ನಂದು. ಇವತ್ತಿಂದ ಈ ಮೈದಾನದಲ್ಲಿ ಬಾವುಟ ಮಾತಾಡುತ್ತೆ. ಒಪ್ಪಿಗೆ ಇಲ್ದಿದ್ರೆ ಬೇರೆಯವರನ್ನ ನೇಮಿಸ್ಕೊಳ್ಳಿ, ಈಗ್ಲೇ ಹೋಗ್ತೀನಿ."

ಮುಂದೆಯೇ ನಿಂತಿದ್ದ ವೃಷಭೇಂದ್ರಪ್ಪನವರು ನನ್ನನ್ನೇ ನೋಡುತ್ತಿದ್ದರು. ಈಗ ವಜಾ ಎನ್ನುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ ಅಂಗೈಯನ್ನು ಕಿವಿಯ ಹಿಂದೆ ಇಟ್ಟು ಏನೋ ಅಂದರು. ಅದು ನನಗೆ ಕೇಳಿಸಲಿಲ್ಲ. ಸೊಣ್ಣಪ್ಪ ನಗು ತಡೆಯಲಾರದೆ ನನ್ನ ಕಿವಿಗೆ ಬಾಯಿಟ್ಟು ಕೂಗಿದ: "'ಏನಂದ್ರಿ, ಸ್ವಲ್ಪ ಜೋರಾಗಿ ಹೇಳಿ' ಅಂತವ್ರೆ ಸಾರ್!"

ಅವನೇ ನಡುವೆ ನಿಂತು ನಮ್ಮಿಬ್ಬರಿಗೂ ಕೂಗಿ ಕೂಗಿ ಹೇಳಬೇಕಾಯಿತು. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಸೆಪ್ಟೆಂಬರಿನಲ್ಲಿ ತಟ್ಟೆಯ ಸದ್ದು ಹಳೆಯ ಸದಸ್ಯರಲ್ಲಿ ಯಾರಿಗೂ ಕೇಳಿಸಿರಲಿಲ್ಲವಂತೆ. ಪಕ್ಕದವನು ತಲೆಯಾಡಿಸಿದ್ದನ್ನು ನೋಡಿ ಇವನೂ, ಇವನನ್ನು ನೋಡಿ ಅವನೂ! ಜೀವನವೆಲ್ಲ ಬಂದೂಕಿನ ಪಕ್ಕ ಮಲಗಿದವರು, ಕಿವಿ ಎಲ್ಲಿಂದ ಉಳಿದೀತು?

ಕೈಮರದ ಸಂಗತಿ. ಮೊದಲ ಗುಂಡಿಗೆ ಕೆಂಪು ಬಿಲ್ಲೆ ಎದ್ದಾಗ ಮುದುಕರೆಲ್ಲ ಮಕ್ಕಳಂತೆ ಎದ್ದುನಿಂತು ಚಪ್ಪಾಳೆ ತಟ್ಟಿದರು. ಸಂಜೆಯವರೆಗೆ ಒಂದು ಸಲವೂ ತಪ್ಪು ಹೇಳಲಿಲ್ಲ. ಮೈದಾನ ಉಳಿಯಿತು. ನಾನೂ ಉಳಿದೆ, ಆದರೆ ಸೊಣ್ಣಪ್ಪ ಬಾವುಟ ಹಿಡಿದು ಜೊತೆಗಿರಬೇಕೆಂಬ ಕರಾರಿನ ಮೇಲೆ. ಅದಕ್ಕೆ ಸಂತೋಷದಿಂದ ಒಪ್ಪಿದೆ. ಮುಂದಿನ ವಾರ ವೃಷಭೇಂದ್ರಪ್ಪನವರೂ ನಾನೂ ಒಟ್ಟಿಗೆ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.

ಈಗ ನಿಜ ಹೇಳಿ. ನಿಮಗೆ ಯಾವಾಗ ತಿಳಿಯಿತು? ನಲವತ್ತು ವರ್ಷ ಸದ್ದನ್ನೇ ಮಾಡಿದ ಮನುಷ್ಯ, ಶಕುಂತಲಮ್ಮನವರ ಭಯಕ್ಕೆ ಮೂಕ ಗುರಿ ಮಾಡಿದನೆಂದು ನಾನು ನಂಬಬೇಕೇ?

ನಿಮ್ಮ,
ಬದರಿ


ಚಾಮರಾಜಪೇಟೆ
6-2-1979

ಬದರಿಯವರೇ,

ನಿಮ್ಮ ಕಾಗದ ಓದಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವರೆಕಾಳು ಸೋವಿಯಾಗಿದೆ, ಗೋದಮ್ಮನವರನ್ನು ಕರೆದುಕೊಂಡು ಬನ್ನಿ.

ನೀವು ಕೇಳಿದ ಪ್ರಶ್ನೆಗೆ ಉತ್ತರ: ನನಗೆ ಏನೂ ತಿಳಿದಿರಲಿಲ್ಲ. ನಾನು ಗಂಟೆಯವನು, ಡಾಕ್ಟರಲ್ಲ. ಎಲ್ಲ ಶಕುಂತಲಮ್ಮನವರ ಕಾಟ.

ಇಂತಿ ನಿಮ್ಮ,
ಆಂಜಿನಯ್ಯ

ಕಾಗದದ ಹಿಂದೆ ನಾನು ಮಾರಕ್ಕ ಬರೀತಿದೀನಿ, ಅಕ್ಷರ ಓರೆಕೋರೆ ಇದ್ರೆ ಬೇಜಾರು ಮಾಡ್ಕೋಬೇಡಿ ಸಾರ್. ಇವರು ಹೇಳೋದು ನಂಬ್ಬೇಡಿ. ಶಕುಂತಲಮ್ಮೋರು ಆಮೇಲೆ ಬರ್ಲೇ ಇಲ್ಲ. ಕೈಮರ ಮಾಡೋವಾಗ ಇವರು ಎರಡು ಕಿವಿಗೂ ಹತ್ತಿ ತುರುಕ್ಕೊಂಡು ಓಡಾಡ್ತಿದ್ರು. ಯಾಕ್ರೀ ಅಂದ್ರೆ, "ಸುಬೇದಾರ್ರಿಗೆ ಹೆಂಗೆ ಕಾಣುತ್ತೆ ಅಂತ ನಾನು ನೋಡ್ಬೇಕಲ್ಲ" ಅಂದ್ರು. ಹಂಗೇ ಕೆರೆ ಆಚೆ ದಡಕ್ಕೂ ಹೋದ್ರು. ಈಚೆ ಕಡೆ ನಾನು ಸುತ್ತಿಗೇಲಿ ತಟ್ಟೆಗೆ ಹೊಡೆದೆ, ಕೈ ಎದ್ದು ನಿಂತ್ಕೊಳ್ತು. ಅಲ್ಲಿಂದ "ಕೇಳಿಸ್ತು, ಕೇಳಿಸ್ತು" ಅಂತ ಕೂಗ್ಕೊಂಡು ಓಡಿಬಂದ್ರು. ಕಿವಿ ತುಂಬ ಹತ್ತಿ ಇತ್ತು ಸಾರ್.

ಅಷ್ಟು ದಿನ ನಾನು ಬೈದಿದ್ದೆಲ್ಲ ದಂಡ ಆಯ್ತು. ಗೋದಮ್ಮೋರ್ಗೆ ಹೇಳಿ, ಅವರ ಕಷ್ಟ ನಂಗೆ ಚೆನ್ನಾಗ್ ಗೊತ್ತು.